ಬಾಗಿಲು ಬೇಡವೆಂದ ಸಾಹೇಬರು

ಸಾಹೇಬರ ಬೆರಳುಗಳು ಉದ್ದ. ಹೆಂಗಸರ ಬೆರಳಿನ ಹಾಗೆ ನಯ. ಉಗುರಿನ ಸಂದಿಯಲ್ಲಿ ಒಂದು ದಿನವೂ ಸಿಮೆಂಟು ಕಂಡಿದ್ದಿಲ್ಲ. ಬೆಳಿಗ್ಗೆ ಎದ್ದವರೇ ನಡುಮನೆಯ ಗೋಡೆಯನ್ನು ಆ ಬೆರಳುಗಳಿಂದ ಸವರುತ್ತಿದ್ದರು, ಹಸುವಿನ ಗಂಗೆದೊಗಲು ಸವರಿದ ಹಾಗೆ. ಅಷ್ಟು ಮೆತ್ತಗೆ ಹೆಂಡತಿಯನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ಮುಟ್ಟಿದ್ದರೆ ಕಾಣುತ್ತಿತ್ತು. ಆ ಮನೆಯ ಒಳಗೆ ಯಾವ ಕೋಣೆಗೂ ಬಾಗಿಲಿರಲಿಲ್ಲ.

ಮನೆಗಳ ನಕ್ಷೆ ಬರೆಯುವುದು ಅವರ ಕಸುಬು. ಇಂಜಿನಿಯರ್ ಎಂದರೆ ಸಿಟ್ಟು ಬರುತ್ತಿತ್ತು. "ಆರ್ಕಿಟೆಕ್ಟ್ ಅನ್ನು" ಎಂದು ಹೇಳಿಕೊಟ್ಟರು. ನನ್ನ ನಾಲಿಗೆ ಹೊರಳಲಿಲ್ಲ. ಸಾಹೇಬರು ಎಂದೇ ಕರೆದೆ.

ಭದ್ರಾವತಿಯಲ್ಲಿ ಕಾರ್ಖಾನೆಯ ದೊಡ್ಡ ಹುದ್ದೆಯವರೊಬ್ಬರ ಮನೆಯಲ್ಲಿ ನಾನು ಮುಸುರೆ ತಿಕ್ಕುತ್ತಿದ್ದೆ. ಸಾಹೇಬರು ಅವರಿಗೆ ಮನೆ ಬರೆದುಕೊಡಲು ಬಂದು ಅವರ ಮಗಳನ್ನೇ ಮದುವೆಯಾದರು. ಮಗಳು ನನಗಿಂತ ಚಿಕ್ಕವರು, ಆದರೂ ಅಕ್ಕ ಎನ್ನುತ್ತಿದ್ದೆ. ಶಿವಮೊಗ್ಗಕ್ಕೆ ಹೊರಟಾಗ ಅಕ್ಕ ನನ್ನನ್ನೂ ಕರೆದುಕೊಂಡರು. ನಾನು ಗಂಡ ಸತ್ತವಳು, ಮಕ್ಕಳಿಲ್ಲ. ಹೊರಟೆ.

ತೊಂಬತ್ತರ ಆಸುಪಾಸಿನಲ್ಲಿ ಆಲ್ಕೊಳದ ಹತ್ತಿರ ಸ್ವಂತ ಮನೆ ಕಟ್ಟಿದರು. ಹೊರಗೆ ಸುಣ್ಣವಿಲ್ಲ, ಬಣ್ಣವಿಲ್ಲ, ಬರೀ ಬೂದಿ ಬಣ್ಣದ ಕಾಂಕ್ರೀಟು. "ಪ್ಲಾಸ್ಟರಿಗೆ ದುಡ್ಡು ಸಾಲಲಿಲ್ವಾ ನಿಮ್ ಸಾಹೇಬ್ರಿಗೆ?" ಎಂದು ಹಾಲಿನವನು ಕೇಳಿದ. ಒಳಗೆ ಎಲ್ಲ ಒಂದೇ ಬಯಲು. ಅಡುಗೆ ಮಾಡುವಲ್ಲಿ ನಿಂತರೆ ಮಲಗುವ ಜಾಗ ಕಾಣುತ್ತಿತ್ತು. ನಡುಮನೆಯ ಸೂರಿನಲ್ಲಿ ದೊಡ್ಡ ಗಾಜು, ಅದರಿಂದ ಬೆಳಕು ಸುರಿಯುತ್ತಿತ್ತು. ಬಚ್ಚಲಿಗೂ ಬಾಗಿಲಿಲ್ಲ, ಗೋಡೆಯೇ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು ಮರೆ ಮಾಡುತ್ತಿತ್ತು. ಹೋಗುವವರು ಕೆಮ್ಮಬೇಕು, ಒಳಗಿದ್ದವರು ಕೆಮ್ಮಿ ಉತ್ತರ ಕೊಡಬೇಕು. ಅಕ್ಕನ ಅತ್ತಿಗೆ ಬಂದವರು ಎರಡೇ ದಿನಕ್ಕೆ ಹೊರಟು ನಿಂತು, "ಏನೇ ಮಾರಾಯ್ತಿ, ಈ ಮನೇಲಿ ಎಲ್ಲರಿಗೂ ಟೀಬಿನಾ?" ಎಂದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ನಗಲಿಲ್ಲ.

ಬಾಗಿಲು, ಒಳಚಿಲಕ ಎಂದು ಇದ್ದದ್ದು ಹಿಂದುಗಡೆ ನೀರಿನ ಮೋಟರಿಗೆ ಅಂಟಿಕೊಂಡಿದ್ದ ನನ್ನ ಕೋಣೆಗೆ ಮಾತ್ರ. ಅದನ್ನು ಸಾಹೇಬರು ಬರೆಯಲು ಮರೆತಿದ್ದರು. ಉಳಿದ ಇಟ್ಟಿಗೆಯಲ್ಲಿ ಮೇಸ್ತ್ರಿ ತಾನೇ ಕಟ್ಟಿ ಮುಗಿಸಿದ್ದ.

ಆ ಮನೆ ನೋಡಿ ಡಾಕ್ಟರುಗಳು, ವಕೀಲರು ತಮಗೂ ಬರೆದುಕೊಡಿ ಎಂದು ಬಂದರು. ಹೊಳೆಹೊನ್ನೂರಿನ ಕಡೆಯಿಂದ ಅಡಿಕೆ ಮಂಡಿಯವರೂ ಬಂದರು. ಯಾವುದೋ ಪತ್ರಿಕೆಯವರು ಫೋಟೊ ತೆಗೆಯಲು ಬಂದ ದಿನ ಅಕ್ಕ ಹೊಸ ಕೆಂಪು ಸೀರೆ ಉಟ್ಟು ಸೋಫಾದಲ್ಲಿ ಕೂತಿದ್ದರು. ಸಾಹೇಬರು ಒಂದು ಕಣ್ಣು ಮುಚ್ಚಿ ನೋಡಿ, "ನೀನು ಸ್ವಲ್ಪ ಹಿಂದಕ್ಕೆ ಹೋಗಿರು. ಕೆಂಪು ಬಣ್ಣ ಕಣ್ಣಿಗೆ ಹೊಡೆಯುತ್ತೆ" ಎಂದರು. ಅಕ್ಕ ಬಂದು ನನ್ನ ಕೋಣೆಯಲ್ಲಿ ಕೂತರು. ಪತ್ರಿಕೆಯಲ್ಲಿ ಸೋಫಾ ಚೆನ್ನಾಗಿ ಬಂದಿತ್ತು.

ಕೆಲವು ವರ್ಷಕ್ಕೆ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ದೊಡ್ಡಾಸ್ಪತ್ರೆಯಲ್ಲಿ ಒಂದು ಮೊಲೆ ತೆಗೆದು ಮನೆಗೆ ಕಳಿಸಿದರು. ಗಾಯ ದಿನಾ ತೊಳೆದು ಬಟ್ಟೆ ಕಟ್ಟಬೇಕಿತ್ತು. ಮನೆ ನೋಡಲು ದಿನಾ ಜನ. ಒಂದು ದಿನ ನಾನು ಗಾಯದ ಬಟ್ಟೆ ಬಿಚ್ಚಿದ್ದೆ, ಸಾಹೇಬರು ಗಿರಾಕಿಯೊಬ್ಬನನ್ನು ಕರೆದುಕೊಂಡು ಮಾತಾಡುತ್ತಾ ಬಂದೇಬಿಟ್ಟರು. ಗಿರಾಕಿ ಮುಖ ತಿರುಗಿಸಿದ. ಸಾಹೇಬರು ಮಾತು ನಿಲ್ಲಿಸಲಿಲ್ಲ.

ಅವತ್ತು ಸಂಜೆ ಅಕ್ಕ ಕೇಳಿದರು. "ಒಂದು ಬಾಗಿಲು ಹಾಕ್ಸಿ ರೀ. ಒಂದೇ ಒಂದು."

"ಬಾಗಿಲು ಹಾಕಿದ್ರೆ ಇದು ಮನೆಯಾಗಿ ಉಳಿಯಲ್ಲ. ಲಾಡ್ಜ್ ಆಗುತ್ತೆ."

"ಲಾಡ್ಜಲ್ಲಾದ್ರೂ ಮಾನ ಉಳಿಯುತ್ತೆ."

ನಾನು ಬಾಯಿ ಹಾಕಿದೆ. "ಪರದೆನಾದ್ರೂ ಕಟ್ತೀನಿ ಸಾಹೇಬ್ರೇ."

"ಮುಟ್ಟಬೇಡ. ಬೆಳಕು ಸಾಯುತ್ತೆ."

"ಬೆಳಕಿಗೇನು, ನಾಳೆ ಮತ್ತೆ ಬರುತ್ತೆ. ಸಾಯೋದು ಅಕ್ಕ."

ನನ್ನನ್ನೂ ಒಂದು ಕಣ್ಣು ಮುಚ್ಚಿ ನೋಡಿದರು.

ಮಾರನೆಯ ದಿನ ಅಕ್ಕ ಹಾಸಿಗೆ ಸುತ್ತಿಸಿಕೊಂಡು ನನ್ನ ಕೋಣೆಗೆ ಬಂದರು. "ಚಿಲಕ ಹಾಕೇ ಮಾರಾಯ್ತಿ" ಎಂದರು. ಹಾಕಿದೆ. ರವಿಕೆ ಬಿಚ್ಚಿ ಪಕ್ಕಕ್ಕಿಟ್ಟು ಕಾಲು ಚಾಚಿ ಮಲಗಿದರು. "ಎಂಥ ಸುಖ ಕಣೇ" ಎಂದರು. ಮೋಟರಿನ ಸದ್ದು, ಸೀಮೆಎಣ್ಣೆ ವಾಸನೆ, ಬೆವರುವ ಗೋಡೆ, ಯಾವುದಕ್ಕೂ ಬೇಸರಿಸಲಿಲ್ಲ.

ಸಾಹೇಬರು ದಿನಾ ಸಂಜೆ ಬಂದು ಬಾಗಿಲಾಚೆ ನಿಲ್ಲುತ್ತಿದ್ದರು. "ಒಳಗೆ ಬಾ. ಕೆಲಸದವಳ ಕೋಣೇಲಿ ಮಲಗಿದ್ರೆ ನೋಡ್ದೋರು ಏನಂತಾರೆ?"

"ಇಲ್ಲಿ ಯಾರಿಗೂ ಕಾಣಲ್ಲ ಬಿಡಿ. ಬಾಗಿಲು ಹಾಕ್ಸಿದ ದಿನ ಬರ್ತೀನಿ" ಎನ್ನುತ್ತಿದ್ದರು ಅಕ್ಕ.

ಬಡಗಿ ಬರಲೇ ಇಲ್ಲ. ಒಂದು ರಾತ್ರಿ ಅಕ್ಕ ಅಲ್ಲೇ ತೀರಿಹೋದರು. ಬೆಳಿಗ್ಗೆ ಕರೆದಾಗ ಸಾಹೇಬರು ತಲೆ ಬಗ್ಗಿಸಿ ಮೊದಲ ಸಲ ನನ್ನ ಕೋಣೆಯೊಳಗೆ ಬಂದರು. ಅಕ್ಕನನ್ನು ನೋಡಿದರು. ಆಮೇಲೆ ಮೂಲೆ ನೋಡಿದರು.

"ಈ ಗೋಡೆ ಓರೆ ಇದೆ. ಯಾರು ಕಟ್ಟಿದ್ದು?"

"ನಿಮ್ಮ ಮೇಸ್ತ್ರಿನೇ. ನೀವು ಬರೆದಿರಲಿಲ್ವಲ್ಲ."

ಹೆಣವನ್ನು ನಡುಮನೆಯಲ್ಲಿ ಗಾಜಿನ ಕೆಳಗೆ ಮಲಗಿಸಿದರು. ನೋಡಲು ಬಂದವರಲ್ಲಿ ಒಂದಿಬ್ಬರು ಬೆಳಕನ್ನು ಹೊಗಳಿ ಹೋದರು.

ಆಮೇಲೆ ಜನಕ್ಕೆ ವಾಸ್ತು ಬೇಕಾಯಿತು, ದಪ್ಪ ಕಂಬ ಬೇಕಾಯಿತು, ಗುಲಾಬಿ ಬಣ್ಣ ಬೇಕಾಯಿತು. "ದೇವರ ಕೋಣೆ ಈಶಾನ್ಯಕ್ಕೇ ಬರ್ಲಿ ಸರ್" ಎಂದ ಮಂಡಿಯವನಿಗೆ ಸಾಹೇಬರು, "ಬೇರೆ ದಿಕ್ಕಲ್ಲಿಟ್ರೆ ನಿಮ್ಮ ದೇವರಿಗೆ ದಾರಿ ತಪ್ಪುತ್ತೇನ್ರಿ?" ಎಂದರು. ಅವನು ಎದ್ದು ಹೋದ. ಹಾಗೇ ಒಬ್ಬೊಬ್ಬರೂ ಬರುವುದು ನಿಂತಿತು. ಕೊನೆಗೆ ಲಕ್ವ ಹೊಡೆದು ಸಾಹೇಬರ ಬಲಗೈ, ಬಲಗಾಲು ಬಿತ್ತು, ಮಾತು ನಿಂತಿತು.

ನೀನು ಯಾಕೆ ಉಳಿದೆ ಎಂದು ಜನ ಕೇಳುತ್ತಾರೆ. ಪ್ರೀತಿಯಿಂದಲ್ಲ. ಹೋಗಲು ಬೇರೆ ಕಡೆ ಇರಲಿಲ್ಲ. ಅಲ್ಲದೆ, ಬಾಗಿಲಿಲ್ಲದಿದ್ದರೆ ಏನಾಗುತ್ತದೆ ಎಂದು ಅವರಿಗೆ ತಿಳಿಯುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು.

ಆ ದಿನವೂ ಬಂತು. ಮನೆ ನಕ್ಷೆ ಬರೆಯಲು ಕಲಿಯುವ ಕಾಲೇಜು ಮಕ್ಕಳು ಮೇಷ್ಟರ ಜೊತೆ ಮನೆ ನೋಡಲು ಬಂದಾಗ ನಾನು ಸಾಹೇಬರ ಹೇಲು ತೊಳೆಯುತ್ತಿದ್ದೆ. ನಡುಮನೆಯ ಮಂಚದ ಮೇಲೆ ಬರೀ ಮೈಯಲ್ಲಿ ಬಿದ್ದಿದ್ದರು. ಈಗ ಗೊತ್ತಾಗಲಿ ಎಂದುಕೊಂಡೆ. ಆದರೆ ಹುಡುಗಿಯರು ಕಕ್ಕಾಬಿಕ್ಕಿಯಾದದ್ದು ಕಂಡು ಒಂದು ಹಳೇ ಸೀರೆಯನ್ನು ಎರಡು ಕುರ್ಚಿಗಳ ನಡುವೆ ಅಡ್ಡ ಕಟ್ಟಿದೆ. ಸಾಹೇಬರು ಎಡಗೈ ಚಾಚಿ ಅದನ್ನು ಹಿಡಿದು ಜಗ್ಗಿದರು.

"ಬೇಡ್ವಾ?"

ಬೇಡ ಎಂದು ತಲೆಯಾಡಿಸಿದರು.

"ಮೈ ಮೇಲೆ ಬಟ್ಟೆ ಇಲ್ಲ ಸಾಹೇಬ್ರೇ. ಎಲ್ಲಾ ಕಾಣುತ್ತೆ."

ಮತ್ತೆ ಜಗ್ಗಿದರು. ಕುರ್ಚಿ ಉರುಳಿತು, ಸೀರೆ ಬಿತ್ತು. ಮೇಷ್ಟರು ಕೆಳಗೆ ನೋಡದೆ ಕತ್ತೆತ್ತಿ ಗಾಜನ್ನೇ ತೋರಿಸುತ್ತಾ, "ನೋಡಿ, ಬೆಳಕು ಹೇಗೆ ಇಳಿಯುತ್ತೆ" ಎಂದು ಪಾಠ ಮಾಡಿದರು. ಸಾಹೇಬರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು.

ನಾನು ಕಾದದ್ದು ವ್ಯರ್ಥವಾಯಿತು. ಹೆಂಡತಿಗೆ ಕೊಡದ ಮರೆಯನ್ನು ತಮಗೂ ಬೇಡವೆಂದುಬಿಟ್ಟರು. ಕೆಟ್ಟವರು ಎಂದರೆ ಕೆಟ್ಟವರೇ, ಆದರೆ ಸುಳ್ಳುಗಾರರಲ್ಲ. ಅಷ್ಟನ್ನು ಒಪ್ಪಬೇಕು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿರುವಾಗ ಸಾಹೇಬರ ಕತ್ತು ವಾಲಿತು, ಉಸಿರು ನಿಂತಿತು. ದಾವಣಗೆರೆಯಲ್ಲಿದ್ದ ಅವರ ತಮ್ಮನಿಗೆ ಫೋನು ಮಾಡಿದೆ. ಅವರು ಬರುವುದರೊಳಗೆ ಅಕ್ಕನ ಪೆಟ್ಟಿಗೆಯಿಂದ ಎರಡು ಸೀರೆ ತೆಗೆದು, ಕಿಟಕಿಯ ಸರಳಿನಿಂದ ಮೆಟ್ಟಿಲಿನ ಕಂಬಿಗೆ ಬಿಗಿಯಾಗಿ ಎಳೆದು ಕಟ್ಟಿದೆ. ಅದರ ಹಿಂದೆ ಮೈ ಒರೆಸಿ ಪಂಚೆ ಉಡಿಸಿದೆ. ನಡುಮನೆ ಮಬ್ಬಾಯಿತು. ಆಗಲಿ ಎಂದುಕೊಂಡೆ.