ಕೀಲ್ಪಾಕಿಗೆ ಹೋದ ಹಳೆ ಪಂಚೆಗಳು

ಮದ್ರಾಸ್ ಐ ಬಂದದ್ದು ನನ್ನ ಹೆಂಡತಿಗೆ. ಮದ್ರಾಸಿಗೆ ಹೊರಡಬೇಕಾಗಿ ಬಂದದ್ದು ನನಗೆ. ಊರು ಚೆನ್ನೈ ಆಗಿ ಕೆಲವು ವರ್ಷಗಳೇ ಕಳೆದಿದ್ದರೂ ಕಣ್ಣುಬೇನೆಗೆ ಯಾರೂ ಹೊಸ ಹೆಸರು ಇಟ್ಟಿರಲಿಲ್ಲ. ಎರಡೂ ಕಣ್ಣು ಕೆಂಪಗಾಗಿದ್ದ ಸುಮಿತ್ರಾ ಬಾಗಿಲ ಮರೆಯಿಂದಲೇ ಹೇಳಿದಳು: "ಬಸುರಿ ಹುಡುಗಿ ಹತ್ರ ಈ ಕಣ್ಣಿಟ್ಕೊಂಡು ನಾನು ಹೋಗೋ ಹಾಗಿಲ್ಲ. ನೀವೇ ಹೋಗ್ಬನ್ನಿ. ಹೋಗಿ ಅವಳನ್ನ ಹೆದರಿಸಬೇಡಿ, ಅಷ್ಟೆ."

ಹೆದರಿಸುವುದು ನನ್ನ ಉದ್ದೇಶವಲ್ಲ; ನಾನು ಹೆದರುತ್ತೇನೆ, ಪಕ್ಕದಲ್ಲಿದ್ದವರಿಗೆ ಅದು ತಗುಲುತ್ತದೆ. ರೈಲಿನ ಟಿಕೆಟ್ ಕೊಳ್ಳುವ ಮೊದಲು ಅದನ್ನು ರದ್ದು ಮಾಡಿದರೆ ಎಷ್ಟು ಕಡಿತ ಎಂದು ಕೇಳುವವನು ನಾನು. ಮೈಸೂರಿನ ಕೌಂಟರಿನಲ್ಲಿ ಕೂರುವವರಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ನಾನು ಬಾಯಿ ತೆರೆಯುವ ಮೊದಲೇ ಅವರು ಕಡಿತದ ಮೊತ್ತ ಹೇಳಿಬಿಡುತ್ತಾರೆ.

ಮಗಳು ವೀಣಾಗೆ ಏಳನೇ ತಿಂಗಳು. ಎರಡು ವರ್ಷದ ಹಿಂದೆ ಐದನೇ ತಿಂಗಳಿನಲ್ಲಿ ಒಂದು ನಿಲ್ಲದೆ ಹೋಗಿತ್ತು. ಆಗ ಮನೆಯಲ್ಲಿ ಹಳದಿ ಅಂಗಿ, ಟೊಪ್ಪಿ, ಗಿಲಕಿ ಎಲ್ಲ ತಂದಿಟ್ಟಾಗಿತ್ತು. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಓಡಾಡಬಾರದೆಂದಿದ್ದರು. ವೀಣಾ ಮುಂದಿನ ತಿಂಗಳ ಮಾತನ್ನೇ ಆಡುತ್ತಿರಲಿಲ್ಲ. ಬಾಣಂತನಕ್ಕೆ ಯಾವಾಗ ಬರಲಿ ಎಂದು ಅಮ್ಮ ಫೋನಿನಲ್ಲಿ ಕೇಳಿದರೆ, "ನೋಡೋಣಮ್ಮ" ಎಂದು ಬೇರೆ ಮಾತು ತೆಗೆಯುವಳು. ಅಂಥವಳು ತಾನಾಗಿಯೇ ಎರಡು ಸಾಮಾನು ಕೇಳಿದ್ದಳು: ನನ್ನ ಹಳೆ ಪಂಚೆಗಳು, ಮತ್ತು ಅಟ್ಟದ ಮೇಲಿದ್ದ ಕೇರಂ ಬೋರ್ಡಿನ ಪಾನುಗಳು. ಯಾಕೆ ಎಂದರೆ, "ಸುಮ್ನೆ, ಹೊತ್ತು ಹೋಗಕ್ಕೆ."

ಹುಟ್ಟುವ ಮುಂಚೆ ಮಗುವಿಗೆ ಹೊಸದೇನೂ ತರಬಾರದು, ಹುಟ್ಟಿದ ಕೂಸನ್ನು ಒಗೆದು ಒಗೆದು ಮೆತ್ತಗಾದ ಹಳೆ ಬಟ್ಟೆಯಲ್ಲೇ ಸುತ್ತಬೇಕು ಎಂಬುದು ನಮ್ಮ ಮನೆಗಳ ರೂಢಿ. ಪಂಚೆ ಯಾತಕ್ಕೆಂದು ನಮ್ಮಿಬ್ಬರಿಗೂ ಹೊಳೆಯಿತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಕೇರಂ ಪಾನು ಮಾತ್ರ ಅರ್ಥವಾಗಲಿಲ್ಲ.

ಅಳಿಯನ ಮನೆಗೆ ಮುದುರಿದ ಬಟ್ಟೆ ಒಯ್ಯುವುದು ಹೇಗೆ? ನಾಲ್ಕು ಪಂಚೆಗಳನ್ನೂ ಒಗೆದು, ನೀಲಿ ಅದ್ದಿ, ಗಟ್ಟಿಯಾಗಿ ಗಂಜಿ ಹಾಕಿ, ಇಸ್ತ್ರಿ ಮಾಡಿಸಿ, ಕಾವೇರಿ ಎಕ್ಸ್‌ಪ್ರೆಸ್ ಹತ್ತಿದೆ. ಚೀಲದಲ್ಲಿ ಪಾನುಗಳು ಜೋಲಾರಪೇಟೆಯವರೆಗೂ ಗಲಗಲ ಎನ್ನುತ್ತಿದ್ದವು.

ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಏಳೂವರೆ. ಆಗಲೇ ಬೆನ್ನು ಒದ್ದೆ. ಮಗಳ ಮನೆಯಿರುವ ಕೀಲ್ಪಾಕಿಗೆ ಆಟೋದವನು ನೂರಿಪ್ಪತ್ತು ಕೇಳಿದ. ರೈಲಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದ ತಮಿಳಿನಲ್ಲಿ ಎಂಬತ್ತು ಎಂದೆ. ಒಂದೇ ಮಾತಿಗೆ ಒಪ್ಪಿಕೊಂಡ. ಇಷ್ಟು ಸುಲಭವಾಗಿ ಯಾಕೆ ಒಪ್ಪಿದ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಮನೆ ತಲುಪುವಾಗ ಅಳಿಯ ಶ್ರೀನಿಧಿ ಒಂದು ಕೈಯಲ್ಲಿ ಶೂ, ಇನ್ನೊಂದರಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದ. ಕೆಳಗೆ ಶೋಳಿಂಗನಲ್ಲೂರಿನ ಆಫೀಸ್ ಕ್ಯಾಬು ಹಾರನ್ ಹೊಡೆಯುತ್ತಿತ್ತು. "ಮಾವ, ಇಡ್ಲಿ ಇದೆ. ಅವಳು ಏಳದ ಹಾಗೆ ನೋಡ್ಕೊಳಿ," ಎಂದು ಮೆಟ್ಟಿಲಿಳಿದ.

ವೀಣಾ ದಿಂಬಿಗೆ ಒರಗಿ ಕೂತಿದ್ದಳು. ಮುಖ ಸ್ವಲ್ಪ ಊದಿತ್ತೋ, ತುಂಬಿಕೊಂಡಿತ್ತೋ, ನಿರ್ಧರಿಸಲಾಗಲಿಲ್ಲ. ಕೇಳಬೇಕೆಂದಿದ್ದೆ, ಸುಮಿತ್ರಾಳ ಮಾತು ನೆನಪಾಗಿ ಪಂಚೆ ತೆಗೆದು ಕೊಟ್ಟೆ. ಅವಳು ಒಂದನ್ನು ಬೆರಳಿನಿಂದ ತಟ್ಟಿದಳು. ಹಪ್ಪಳದ ಸದ್ದು ಬಂತು.

ಅಷ್ಟರಲ್ಲಿ ಮೇಲಿನ ಮನೆಯ ಕಮಲಾ ಮಾಮಿ ಬಂದರು. ಅವರ ಮುತ್ತಜ್ಜ ಶ್ರೀರಂಗಪಟ್ಟಣದ ಕಡೆಯಿಂದ ಮದ್ರಾಸಿಗೆ ಬಂದವರಂತೆ. ಮನೆತನದ ಕನ್ನಡದೊಳಗೆ ಈಗ ಅರ್ಧ ತಮಿಳು. ಟೆರೇಸಿನ ಮೇಲೆ ನೀಲಿ ಬಣ್ಣದ ತೊಟ್ಟಿ ಇಟ್ಟುಕೊಂಡು ಅಂಗಡಿಗಳಿಗೆ ದುಪಟ್ಟಾ ಮಾಡಿಕೊಡುವ ಇವರೇ ನನ್ನ ಮಗಳಿಗೆ ಶಿಬೋರಿಯ, ಅಂದರೆ ಬಟ್ಟೆ ಮಡಿಸಿ ಬಿಗಿದು ಬಣ್ಣಕ್ಕೆ ಅದ್ದುವ ಹುಚ್ಚು ಹಚ್ಚಿಸಿದವರು.

"ಜಪಾನ್‌ನವರದು ಸಾರ್. ನಮ್ಮ ಮದುರೆ ಸುಂಗುಡಿ ಸೀರೆಗೆ ದಾರ ಕಟ್ತಾರಲ್ಲ, ಇಲ್ಲಿ ಮಡಿಸಿ ಬಿಗೀತಾರೆ, ಅವ್ಳೋದಾನ್, ಅಷ್ಟೇ," ಎಂದವರು ಪಂಚೆ ಮುಟ್ಟಿ ನಿಂತರು. "ಅಯ್ಯಯ್ಯೋ, ವೇಷ್ಟಿ ಏನಿದು ಮೊಡಮೊಡ ಅಂತಿದೆ? ಕಂಜಿ ಹಾಕಿದ್ದೀರಾ?"

"ಗಂಜಿ, ನೀಲಿ, ಎರಡೂ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ನೀಲಿ ನೀವೇ ಹಾಕ್ಕೊಂಡು ಬಂದ ಮೇಲೆ ನನಗೇನು ವೇಲೆ, ಏನು ಕೆಲಸ ಸಾರ್?"

ವೀಣಾ ತಲೆಗೆ ಕೈ ಇಟ್ಟುಕೊಂಡಳು. "ಅಪ್ಪ, ಹಳೇ ಪಂಚೆ ಅಂದ್ರೆ ಮೆತ್ತಗಿರೋದು ಅಂತ ಕಣಪ್ಪ. ಗಂಜಿ ಕುಡಿದಿರೋ ಬಟ್ಟೆ ಬಣ್ಣ ಎಲ್ಲಿ ಕುಡಿಯತ್ತೆ?"

ಆ ಗಂಜಿ ಬಿಡಿಸುವುದಕ್ಕೇ ಒಂದು ದಿನ ಹೋಯಿತು. ಲಾರಿ ನೀರಿಗೆ ಕೊಡ ಇಟ್ಟು ಕಾಯುವ ಊರಿನಲ್ಲಿ, ಬಿಸಿನೀರಲ್ಲಿ ನೆನೆಸಿ, ಉಜ್ಜಿ, ಮತ್ತೆ ನೆನೆಸಿದೆ. ಹಿಂದಿರುಗುವ ಟಿಕೆಟ್ ರದ್ದು ಮಾಡಿ ಮುಂದಕ್ಕೆ ತೆಗೆದುಕೊಂಡೆ. ಕಡಿತ ಎಷ್ಟೆಂದು ಮೊದಲೇ ತಿಳಿದಿದ್ದದ್ದು ಜೀವಮಾನದಲ್ಲಿ ಮೊದಲ ಸಲ ಪ್ರಯೋಜನಕ್ಕೆ ಬಂತು.

ಮರುದಿನ ಪಂಚೆಗಳನ್ನು ಹರಿಯುವ ಕೆಲಸ ನನ್ನದು. ಎಷ್ಟಗಲ ಎಂದು ಕೇಳಿದೆ. ವೀಣಾ ಬಟ್ಟೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಾಸಿ, ಆಮೇಲೆ ಅದರ ಎರಡರಷ್ಟು ತೋರಿಸಿ, "ಇಷ್ಟು ಸಾಕು," ಎಂದಳು. ನಾನು ಬಟ್ಟೆಯನ್ನೇ ನೋಡುತ್ತಾ ಹರಿದೆ.

ತುಂಡನ್ನು ಅವಳು ಕಾಗದದ ಬೀಸಣಿಗೆಯಂತೆ ಒಂದರ ಮೇಲೊಂದು ಮಡಿಸಿದಳು, ಆ ಉದ್ದನೆಯ ಪಟ್ಟಿಯನ್ನು ಸಮೋಸದಂತೆ ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿದಳು. ಮೇಲೊಂದು ಕೆಳಗೊಂದು ಕೇರಂ ಪಾನು ಇಟ್ಟು ಕಬ್ಬಿಣದ ಕ್ಲಿಪ್ಪಿನಿಂದ ಬಿಗಿದಳು. ಪಾನು ಒತ್ತಿದ ಕಡೆ ಬಣ್ಣ ಹೋಗದೆ ಬಿಳಿ ವೃತ್ತ ಉಳಿಯುತ್ತದೆ. ಕ್ಲಿಪ್ಪು ಗಡುಸು, ಹಿಡಿ ಒತ್ತಲು ಅವಳ ಕೈಯ ಮೇಲೆ ನನ್ನ ಕೈ ಬೇಕಾಯಿತು.

ಟೆರೇಸಿನಲ್ಲಿ ಮಾಮಿಯ ತೊಟ್ಟಿ ಸುಣ್ಣ, ಬೆಲ್ಲ, ನೀಲಿ ಹುಳಿತ ವಾಸನೆ ಹೊಡೆಯುತ್ತಿತ್ತು. "ಮೆಲ್ಲಗೆ ಇಳಿಸಿ. ಕೈ ಆಡಿಸಬೇಡಿ, ಒಳಗೆ ಗಾಳಿ ಸೇರಿದ್ರೆ ತೊಟ್ಟಿ ಹೋಯ್ತು." ಅವರು ಕೊಟ್ಟ ಗ್ಲೌಸಿನ ಬೆರಳುಗಳೆಲ್ಲ ತೂತು. ಮೇಲೆತ್ತಿದರೆ ಕ್ಲಿಪ್ಪು ಬಿಗಿದ ಬಟ್ಟೆಯ ಗಂಟು ಕೊತ್ತಂಬರಿ ಚಟ್ನಿಯ ಬಣ್ಣಕ್ಕಿತ್ತು.

"ಮಾಮಿ, ಹಸಿರಾಯ್ತು."

"ಕೊಂಚ ಸುಮ್ನಿರಿ ಸಾರ್. ಗಾಳಿ ಕುಡೀಲಿ."

ನೋಡುತ್ತಿದ್ದಂತೆ ಅಂಚಿನಿಂದ ನೀಲಿ ಹರಡಿಕೊಂಡಿತು. ಆಗ ನನಗೆ ಹೊಸ ಯೋಚನೆ ಬಂತು: ಕೂಸಿನ ಮೈಗೆ ಬಣ್ಣ ಹತ್ತಿದರೆ?

ಒಗೆದು ಒಣಗಿಸಿದ ಮೊದಲ ತುಂಡನ್ನು ಯಾರಿಗೂ ಹೇಳದೆ ಬನಿಯನ್ನಿನೊಳಗೆ ಹೊಟ್ಟೆಗೆ ಸುತ್ತಿಕೊಂಡು ಮಧ್ಯಾಹ್ನ ಮಲಗಿದೆ. ಚೆನ್ನೈ ಬೆವರಿಗಿಂತ ಕಠಿಣ ಪರೀಕ್ಷೆ ಇನ್ನೇನಿದೆ? ಎದ್ದಾಗ ಹೊಟ್ಟೆ ಮೋಡ ಕವಿದಂತಿತ್ತು. ವೀಣಾ ನೋಡಿ ನಗಲು ಶುರುಮಾಡಿದಳು. ನಿಲ್ಲಿಸಲಾಗದೆ ತನ್ನ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬೇಡ ಕಣೆ, ಮೆತ್ತಗೆ."

"ನಗಬೇಡ ಅಂತ ಯಾವ ಡಾಕ್ಟರೂ ಹೇಳಿಲ್ಲಪ್ಪ."

"ಹೊಟ್ಟೆ ಮಟ್ಟಿಗೆ ಕೃಷ್ಣಾವತಾರ ಆಯ್ತು," ಎಂದರು ಮಾಮಿ. "ಇನ್ನು ಮೂರು ಸಲ ನೀರಲ್ಲಿ ಅಲಸಿ."

ಜಾಲಿಸಿದೆ. ನೀರು ತಿಳಿಯಾದ ಮೇಲೆ ಮರುದಿನ ಮತ್ತೆ ಸುತ್ತಿಕೊಂಡು ಮಲಗಿದೆ. ಹೊಟ್ಟೆ ತನ್ನ ಬಣ್ಣದಲ್ಲೇ ಉಳಿಯಿತು.

ಉಳಿದ ಗಂಟುಗಳನ್ನು ಒಂದೊಂದಾಗಿ ವೀಣಾ ಹಾಸಿಗೆಯಲ್ಲೇ ಬಿಚ್ಚಿದಳು. ತೊಳೆದ ಆಕಾಶದಂಥ ನೀಲಿಯಲ್ಲಿ ಸಾಲುಸಾಲು ಬಿಳಿ ವೃತ್ತಗಳು, ಕೆಲವು ನಮ್ಮ ಕೈ ಜಾರಿ ಅರ್ಧಚಂದ್ರ. ಒಂದನ್ನು ಎಡಗೈ ಮೇಲೆ ಹಾಸಿಕೊಂಡು, ಅಂಚನ್ನು ಬಲಗೈಯಿಂದ ಒಳಕ್ಕೆ ಮಡಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಮಾಮಿಯೂ ನಾನೂ ಕಿಟಕಿಯ ಹೊರಗೆ ನೋಡಿದೆವು.

ಕೊನೆಯ ಗಂಟು ಉಳಿಯಿತು. ಅದಕ್ಕೆ ಅವಳು ರೆಡ್ ಪಾನು ಇಟ್ಟಿದ್ದಳು. ಚಿಕ್ಕಂದಿನಲ್ಲಿ ಆಟದಲ್ಲಿ ಅವಳು ನನಗೆ ಒಂದು ಸಲವೂ ಬಿಟ್ಟುಕೊಡದಿದ್ದ ಪಾನು. ಕ್ಲಿಪ್ಪಿಗೆ ಕೈ ಹಾಕಿದೆ.

"ಅದು ಇರ್ಲಿ ಅಪ್ಪ. ಒಂಬತ್ತನೇ ತಿಂಗಳಿಗೆ ಅಮ್ಮ ಬರ್ತಾಳಲ್ಲ, ಅವಳೇ ಬಿಚ್ಚಲಿ."

ಬೂಷ್ಟು ಹಿಡಿಯುತ್ತದೆ, ಕ್ಲಿಪ್ಪಿನ ತುಕ್ಕು ಕಲೆಯಾಗುತ್ತದೆ, ಕೀಲ್ಪಾಕಿನ ಇರುವೆಗಳು: ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಮಾಮಿ ನನ್ನತ್ತ ಒಂದು ನೋಟ ಬೀರಿದರು. "ಚೆನ್ನಾಗಿ ಒಣಗಿಸಿಡು," ಎಂದಷ್ಟೇ ಹೇಳಿದೆ.

ಹೊರಡುವ ಸಂಜೆ ಆಟೋದಿಂದ ತಲೆಯೆತ್ತಿ ನೋಡಿದರೆ ಟೆರೇಸಿನ ಹಗ್ಗದ ಮೇಲೆ ಪಂಚೆಯ ತುಂಡುಗಳು ಹಾರಾಡುತ್ತಿದ್ದವು. ಗಂಟು ಅವಳ ಕಿಟಕಿಯ ಸರಳಿನ ಬಳಿ ಬಿಸಿಲು ಕಾಯುತ್ತಿತ್ತು.

ಮೈಸೂರಿನಲ್ಲಿ ಸುಮಿತ್ರಾಳ ಕಣ್ಣು ತಿಳಿಯಾಗಿತ್ತು. "ಹೇಗಿದ್ದಾಳೆ? ಏನಂದ್ಲು?" ಎಂದಳು.

"ಒಂಬತ್ತನೇ ತಿಂಗಳಿಗೆ ನೀನು ಬರ್ತೀಯ ಅಂದ್ಲು."

"ಅವಳೇ ಅಂದ್ಲಾ?"

"ಅವಳೇ."

ಸುಮಿತ್ರಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಉಜ್ಜಬೇಡ, ಮತ್ತೆ ಕೆಂಪಾಗುತ್ತೆ ಎಂದೆ.

ಮರುದಿನ ಕೌಂಟರಿನವರು ನನ್ನ ನೀಲಿ ಉಗುರು ನೋಡಿ, "ಏನ್ ಸಾರ್, ಹತ್ತೂ ಬೆರಳಿಗೆ ಓಟು ಹಾಕಿ ಬಂದ್ರಾ?" ಎಂದರು. ಚೆನ್ನೈಗೆ ಎರಡು ಎಂದೆ. ಅವರು ಎಂದಿನಂತೆ ಕಡಿತದ ಮೊತ್ತ ಹೇಳಲು ಹೊರಟರು.

"ಅದು ಬೇಡ ಬಿಡಿ," ಎಂದೆ. "ಟಿಕೆಟ್ ಕೊಡಿ."