ಫೆರಿಗಾಗಿ ಕಾಯುವ ಬಸ್ಸು

ಕೆನಡಾದ ಮಿಸಿಸಾಗದ ನಮ್ಮ ಡ್ರೈವ್‌ವೇ ಮೇಲೆ, ನಾನು ಹಾಕಿದ್ದ ರಂಗೋಲಿಯ ಪಕ್ಕದಲ್ಲೇ, ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಡೆನ್ಮಾರ್ಕಿನ ಪುಟ್ಟ ದ್ವೀಪವೊಂದು ಮೂಡಿತು. ಬರೆದವರು ಪಕ್ಕದ ಮನೆಯ ಡೇನಿಷ್ ಹೆಂಗಸು, ನನಗಿಂತ ಹಿರಿಯರು. ನನ್ನ ಕೈಯಿಂದ ಪುಡಿ ಇಸಿದುಕೊಂಡು ತಾವು ಹುಟ್ಟಿದ ನೆಲವನ್ನು ಎಳೆದರು. ಗುಡ್ಡವಿಲ್ಲ, ಸೇತುವೆಯಿಲ್ಲ. ಪೂರ್ವಕ್ಕೆ ಫೆರಿ ಹಡಗು ನಿಲ್ಲುವ ಬಂದರು, ಪಶ್ಚಿಮಕ್ಕೆ ಚರ್ಚು, ನಡುವೆ ಒಂದೇ ರಸ್ತೆ, ಒಂದೇ ಬಸ್ಸು. ಚರ್ಚಿನ ಹತ್ತಿರ ಅವರ ಅಕ್ಕನ ಮನೆ.

"ಫೆರಿ ಎಷ್ಟೇ ಲೇಟಾಗಲಿ, ಬಸ್ಸು ಬಂದರಲ್ಲೇ ನಿಂತಿರತ್ತೆ. ಯಾರನ್ನೂ ಬಿಟ್ಟು ಹೋಗಲ್ಲ" ಅಂದರು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಬಿಡಿಸಿ ತೋರಿಸುತ್ತಿದ್ದ ಅಟ್ಲಾಸಿನಲ್ಲಿ ಇದೆಲ್ಲ ಇರಲಿಲ್ಲ.

"ನಿಮ್ಮ ಜಿಯಾಗ್ರಫಿ ಕ್ಲಾಸ್ ಮುಗಿದಿದ್ರೆ ಒಂದು ಲೋಟ ಕಾಫಿ ಸಿಗತ್ತೇನೇ?" ಗರಾಜಿನಿಂದ ನಮ್ಮವರ ಕೂಗು.

"ಬ್ಯಾಕ್‌ಬೆಂಚರ್ಸ್ ಸುಮ್ನಿರಬೇಕು!" ಅಂದೆ.

ಆ ಚಳಿಗಾಲ ದ್ವೀಪದಲ್ಲಿದ್ದ ಅಕ್ಕನಿಗೆ ಕಾಯಿಲೆ ಜೋರಾಯಿತು. ಒಂದು ಸಲ ಮುಖ ನೋಡಿದರೆ ಸಾಕು ಅನ್ನುವುದೊಂದೇ ನಮ್ಮ ನೆರೆಯಾಕೆಯ ಹಂಬಲ. ಏರ್‌ಪೋರ್ಟಿಗೆ ನಾವೇ ಬಿಟ್ಟು ಬಂದೆವು. ವಿಮಾನ, ರೈಲು ಎಲ್ಲ ಮುಗಿಸಿ, ದ್ವೀಪದ ಎದುರು ದಡದಿಂದ ಫೋನ್ ಮಾಡಿದರು: ಬಿರುಗಾಳಿ, ಫೆರಿ ಹೊರಡುತ್ತಿಲ್ಲ. ಮಾರನೆಯ ದಿನ ಮತ್ತೆ ಫೋನು. ಅಕ್ಕ ಹೋಗಿಬಿಟ್ಟಿದ್ದರು. ಗಾಳಿ ಇನ್ನೂ ಇಳಿದಿರಲಿಲ್ಲ.

"ಅಯ್ಯೋ, ಇನ್ನು ಅಲ್ಲಿಗೆ ಹೋಗಿ ಏನು ನೋಡ್ತೀರಿ? ವಾಪಸ್ ಬಂದ್ಬಿಡಿ, ಡಿಯರ್" ಅಂದೆ.

"ವಾಪಸ್ಸಾ? ಯಾಕೆ? ಫ್ಯೂನರಲ್ ಮುಂದಿನ ವಾರ. ನಾನು ಬರೋ ತನಕ ಅವಳನ್ನ ಇಟ್ಕೊಂಡಿರ್ತಾರೆ."

ಫೋನ್ ಇಟ್ಟ ಮೇಲೂ ಅಲ್ಲೇ ಕುಳಿತಿದ್ದೆ. ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ. ವರ್ಷಗಳ ಹಿಂದೆ ಮೈಸೂರಿನಲ್ಲಿ ಅಮ್ಮ ಹೋದಾಗ, ನಾನಿಲ್ಲಿ ಟ್ರಾವೆಲ್ ಏಜೆಂಟನ ಎದುರು ಕುಳಿತು ಸೀಟಿಗಾಗಿ ಗೋಗರೆಯುತ್ತಿರುವಾಗಲೇ ಅಲ್ಲಿ ಎಲ್ಲ ಮುಗಿದಿತ್ತು. ಹೊತ್ತು ಮುಳುಗುವ ಮುಂಚೆ ಮುಗಿಸಬೇಕು. ಅದು ಪದ್ಧತಿ, ಯಾರನ್ನೂ ದೂರುವ ಹಾಗಿಲ್ಲ. ನಾನು ತಲುಪಿದಾಗ ಅಮ್ಮ ಮಲಗುತ್ತಿದ್ದ ಜಾಗದಲ್ಲಿ ಒಂದು ದೀಪವಿತ್ತು.

ಹಿಂತಿರುಗಿದ ಮೇಲೆ ನೆರೆಯಾಕೆ ನಮ್ಮ ಅಡುಗೆಮನೆಗೆ ಬಂದು ಕುಳಿತರು.

"ಬಸ್ಸು ನಿಂತಿತ್ತಾ?" ಎಂದು ಕೇಳಿದೆ.

"ಆಫ್ ಕೋರ್ಸ್. ಅಕ್ಕನ ಮುಖ ನೋಡಿದೆ. ಕೂದಲು ಸ್ವಲ್ಪ ಕೆದರಿತ್ತು. ನಾನೇ ಬಾಚಿದೆ."

ಕಾಫಿಗೆ ನೀರಿಡುವ ನೆಪದಲ್ಲಿ ಅವರಿಗೆ ಬೆನ್ನು ಮಾಡಿ ನಿಂತೆ. ಅಮ್ಮನ ತಲೆಯನ್ನು ಕೊನೆಗೆ ಯಾರು ಬಾಚಿದರೋ, ಅಷ್ಟು ವರ್ಷಗಳಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ.