ಹುಣಸೆ ಬೊಡ್ಡೆಯ ನಾಲ್ಕು ಮೊಳೆಗಳು

ರುದ್ರಾ, ಆ ಹುಣಸೆ ಬೊಡ್ಡೆಗೆ ಮೊಳೆ ಹೊಡೆದವನು ನಾನು. ಯಾವ ಮಂತ್ರವಾದಿಯೂ ಅಲ್ಲ. ಅಲ್ಲಿ ಯಾವ ದೆವ್ವವನ್ನೂ ಯಾರೂ ಕಟ್ಟಿರಲಿಲ್ಲ. ನಾಲ್ಕು ಮೊಳೆ, ನಾಲ್ಕನ್ನೂ ನನ್ನ ಕೈಯಾರೆ ಹೊಡೆದೆ — ಹಾಡುಹಗಲು, ನೀನು ಕ್ಯಾನು ಹಿಡಿದು ಪೆಟ್ರೋಲ್ ತರಲು ಹೊನ್ನಾಳಿ ಬಸ್ಸು ಹತ್ತಿ ಹೋಗಿದ್ದಾಗ. ಇಷ್ಟು ಬರೆಯಲು ನನಗೆ ನಲವತ್ತು ವರ್ಷ ಬೇಕಾಯಿತು ನೋಡು.

ನ್ಯಾಮತಿಯಲ್ಲಿ ಸೌದೆ ಕೊಯ್ಯುವ ಜೋಡಿ ಎಂದರೆ ನಾವೇ ಆಗಿದ್ದೆವು. ಹಾಲೇಶಿ–ರುದ್ರ ಎಂದು ಜನ ಎರಡು ಹೆಸರನ್ನೂ ಒಂದೇ ಉಸಿರಿಗೆ ಕರೆಯುತ್ತಿದ್ದರು. ಹೋಟೆಲಿನ ಒಲೆಗೆ, ಮದುವೆ ಮನೆಯ ಅಡುಗೆಗೆ, ನಲ್ಲೂರಿನವರು ಅಡಿಕೆ ಬೇಯಿಸುವ ಕಾಲಕ್ಕೆ — ಎಲ್ಲಿ ಮರ ಬಿದ್ದರೂ ನಮಗೇ ಹೇಳಿಕಳಿಸುತ್ತಿದ್ದರು. ಇಬ್ಬರು ಹಿಡಿಯುವ ಉದ್ದನೆಯ ಗರಗಸ; ಆ ತುದಿಗೆ ನೀನು, ಈ ತುದಿಗೆ ನಾನು. ಅದನ್ನು ತಳ್ಳಬಾರದು, ಎಳೆಯಬೇಕು ಅಷ್ಟೆ. ನೀನು ಎಳೆಯುವಾಗ ನಾನು ಕೈ ಸಡಿಲ ಬಿಡಬೇಕು, ನಾನು ಎಳೆಯುವಾಗ ನೀನು. ಹಾಗೆ ಎಳೆಯುತ್ತಲೇ ಮಾತಾಡುತ್ತಿದ್ದೆವು. ಗಂಗಮ್ಮನನ್ನು ನೋಡಿ ಒಪ್ಪಿ ಬಂದ ಸುದ್ದಿಯನ್ನು ನೀನು ನಿನ್ನ ಅವ್ವನಿಗಿಂತ ಮೊದಲು ನನಗೆ ಹೇಳಿದ್ದು ಒಂದು ಜಾಲಿ ಮರದ ಮೇಲೆ ಗರಗಸವಿಟ್ಟುಕೊಂಡು. ನಿನಗೆ ಓದು ಬರದು, ನಾನು ಏಳನೇ ಇಯತ್ತೆಯವರೆಗೆ ಓದಿದವನು. ಜಗಳೂರಿನಿಂದ ನಿನ್ನ ಅಕ್ಕನ ಕಾಗದ ಬಂದರೆ ಮರದ ಮೇಲೆ ಕೂತು ಓದಿ ಹೇಳುತ್ತಿದ್ದೆ. ಒಂದೇ ಕಾಗದವನ್ನು ಎರಡು ಸಲ ಓದಿಸುತ್ತಿದ್ದೆ ನೀನು.

ಎಂಬತ್ತಮೂರರಲ್ಲಿ ನೀನು ಎಮ್ಮೆ ಮಾರಿ, ಶಿವಮೊಗ್ಗದ ಟಿಂಬರ್ ಕಂಟ್ರಾಕ್ಟರೊಬ್ಬನ ಹತ್ತಿರ ಒಂದು ಹಳೆಯ ಚೈನ್ ಗರಗಸ ಕೊಂಡು ತಂದೆ. ಮೂರು ದಿನ ಗಂಗಮ್ಮ ನಿನ್ನ ಜೊತೆ ಮಾತು ಬಿಟ್ಟಿದ್ದಳು. ನಿನಗೆ ಅದರ ಗೊಡವೆಯೇ ಇರಲಿಲ್ಲ. ಹಗ್ಗ ಜಗ್ಗಿದಾಗ ಮಿಷನ್ನು ಗುರ್ ಎಂದು ಎದ್ದಿತು, ನೀನು ಚಿಕ್ಕ ಹುಡುಗನ ಹಾಗೆ ನಕ್ಕೆ. ನನ್ನ ಮುಖ ಸಣ್ಣದಾದದ್ದು ನಿನಗೆ ಕಂಡಿರಬೇಕು.

"ಯಾಕಲೇ ಹಾಲೇಶಿ, ಹಿಂಗೆ ನಿಂತೀಯ? ನಾ ಕೊಯ್ತೀನಿ, ನೀ ಸೀಳು. ಬಂದಿದ್ರಾಗೆ ಅರ್ಧ ಅರ್ಧ. ನಿನ್ನ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?"

ಹಾಗೆಯೇ ನಡೆದುಕೊಂಡೆ ನೀನು. ಆದ್ದರಿಂದ ಹೊಟ್ಟೆಪಾಡಿಗಾಗಿ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ಬಾಯಿಲ್ಲ. ಎರಡು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತಿತ್ತು. ಆದರೆ ಆ ಸದ್ದಿನಲ್ಲಿ ಮಾತಾಡುವುದು ಹೇಗೆ? ನೀನು ಅಲ್ಲಿ, ಕೊಡಲಿ ಹಿಡಿದು ನಾನು ಇಲ್ಲಿ. ಮಿಷನ್ನು ನಿಂತರೆ ನೋಡಲು ಬಂದ ಹತ್ತು ಜನ ನಿನ್ನನ್ನು ಸುತ್ತುವರಿಯುತ್ತಿದ್ದರು. ನಮ್ಮ ಗರಗಸ ನನ್ನ ಮನೆಯ ಗೋಡೆಯ ಮೇಲೆ ತುಕ್ಕು ಹಿಡಿಯುತ್ತಿತ್ತು. ನನಗೆ ಹೊಟ್ಟೆಕಿಚ್ಚು ರುದ್ರಾ — ಅದೂ ಒಂದು ಮಿಷನ್ನಿನ ಮೇಲೆ. ನೀನಿಲ್ಲದೆ ಬೇಜಾರಾಗುತ್ತದೆ ಎಂದು ಒಂದು ಮಾತು ಹೇಳಬಹುದಿತ್ತು. ಗಂಡಸು ಗಂಡಸಿಗೆ ಹಾಗೆಲ್ಲ ಹೇಳುವುದುಂಟೇ ಎಂದು ಸುಮ್ಮನಾದೆ. ಮೊಳೆ ಹೊಡೆಯುವುದೇ ಸುಲಭವೆನಿಸಿತು.

ಸುರಹೊನ್ನೆ ದಾರಿಯ ಹೊಲದಲ್ಲಿ ಮದುವೆ ಸೌದೆಗೆಂದು ಆ ಹುಣಸೆ ಮರ ಕೆಡವಿದ್ದೆವು. ಕೊಂಬೆಗಳೆಲ್ಲ ಮುಗಿದು ದಪ್ಪ ಬೊಡ್ಡೆಯೊಂದು ಉಳಿದಿತ್ತು. ಕೊಯ್ಯುವ ಜಾಗಕ್ಕೆ ಮೊದಲೇ ಇದ್ದಿಲಿನಿಂದ ಗೆರೆ ಎಳೆದಿಡುವುದು ನಿನ್ನ ಪದ್ಧತಿ. ಆ ಗೆರೆಯ ಮೇಲೆಯೇ ಹೊಡೆದೆ. ಹಳೆಯ ಗಾಡಿಯಿಂದ ಕಿತ್ತ, ತುಕ್ಕು ತಿಂದ ಮೊಳೆಗಳು — ಕೈಗೆ ಸಿಕ್ಕಿದ್ದು ಅವೇ ಎಂಬುದು ಬಿಟ್ಟರೆ ಬೇರೆ ಲೆಕ್ಕಾಚಾರ ಇರಲಿಲ್ಲ. ಮೊಳೆಯ ತಲೆಯ ಮೇಲೆ ಇನ್ನೊಂದು ಕಬ್ಬಿಣದ ತುಂಡಿಟ್ಟು ಬಡಿದು ಒಳಕ್ಕೆ ಇಳಿಸಿ, ಮೇಲೆ ತೊಗಟೆ ಮೆತ್ತಿ, ಗೆರೆಯನ್ನೂ ತಿದ್ದಿದೆ. ಹಲ್ಲು ಮುರಿದು ಮಿಷನ್ನು ಮೂಲೆ ಸೇರುತ್ತದೆ, ಅಷ್ಟೇ ಎಂದುಕೊಂಡಿದ್ದೆ.

ನೀನು ಬಂದೆ, ಹಗ್ಗ ಜಗ್ಗಿದೆ, ಗೆರೆಗೆ ಇಟ್ಟೆ. ಕಿಡಿ ಹಾರಿತು. ಸರಪಳಿ ತುಂಡಾಗಿ ಬೀಸಿ ನಿನ್ನ ಪಂಚೆಯನ್ನು ತೊಡೆಯ ಹತ್ತಿರ ಸೀಳಿತು. ಇನ್ನು ನಾಲ್ಕು ಬೆರಳು ಈಚೆ ಬಂದಿದ್ದರೆ — ಆ ಮಾತನ್ನು ಇವತ್ತಿಗೂ ಪೂರ್ತಿ ಮಾಡಲಾರೆ. ನಾನು ಓಡಿಬಂದು ನಿನ್ನನ್ನು ತಬ್ಬಿಕೊಂಡೆ. "ಏನೂ ಆಗಿಲ್ಲ ಬಿಡಲೇ" ಎಂದು ನೀನೇ ನನ್ನ ಬೆನ್ನು ಸವರಿದೆ.

ಆಮೇಲೆ ಕೊಡಲಿಯಿಂದ ತೊಗಟೆ ಎಬ್ಬಿಸಿ ನೋಡಿದೆ ನೀನು. ತುಕ್ಕು ಹಿಡಿದ ನಾಲ್ಕು ಮೊಳೆ. ದೆವ್ವ ಮೆಟ್ಟಿದವರನ್ನು ಹುಣಸೆ ಮರಕ್ಕೆ ಕರೆದೊಯ್ದು, ಮೊಳೆ ಹೊಡೆದು ದೆವ್ವವನ್ನು ಮರಕ್ಕೆ ಕಟ್ಟಿಬರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ನನಗೆ ಮಾತ್ರ ಆ ಗಳಿಗೆಯವರೆಗೆ ಅದು ಹೊಳೆದೇ ಇರಲಿಲ್ಲ. ನೀನು ಕೊಡಲಿ ಬಿಟ್ಟು ಹಿಂದೆ ಸರಿದೆ.

"ಯಾರೋ ಕಟ್ಟಿದ್ದಲೇ ಇದು. ನಾ ಬಿಚ್ಚಿಬಿಟ್ಟೆ."

ಹಳೆಯ ಮೊಳೆಯಾದರೆ ಮರ ಅದನ್ನು ಒಳಗೆ ನುಂಗಿರುತ್ತದೆ, ಸುತ್ತ ಕಪ್ಪು ಕಲೆ ಕಟ್ಟಿರುತ್ತದೆ. ಹತ್ತು ವರ್ಷ ಮರ ಕೊಯ್ದ ನಿನಗೆ ಅದು ತಿಳಿಯದ್ದೇನಲ್ಲ. ಹೆದರಿಕೆಯಲ್ಲಿ ನೀನು ನೋಡಲಿಲ್ಲ. ನಾನು ನೋಡಿದೆ — ಮೊಳೆಯ ಸುತ್ತ ಮರ ಹಸನಾಗಿತ್ತು. ಬಾಯಿ ಮುಚ್ಚಿಕೊಂಡು ನಿಂತೆ.

ಅದೇ ವಾರ ನಿನ್ನ ಗಿರಿಜಾಗೆ ಜ್ವರ ಬಂತು. ಎರಡು ವರ್ಷದ ಕೂಸು. ಜ್ವರ ಇಳಿದ ಮೇಲೆ ಎಡಗಾಲು ನೆಲಕ್ಕೆ ನಿಲ್ಲಲಿಲ್ಲ. ದಾವಣಗೆರೆಗೆ ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರು ಪೋಲಿಯೋ ಎಂದರು, ಚೀಟಿಯಲ್ಲೂ ಬರೆದುಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಆ ಚೀಟಿಯನ್ನು ನೀನು ನನ್ನ ಕೈಗೆ ಕೊಟ್ಟೆ. ನಾನು ಓದಿದೆ. ಎಂದಿನಂತೆ ನೀನು ಎರಡನೆಯ ಸಲವೂ ಓದಿಸಿದೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಕೇಳಿದೆ ನೀನು — "ಮರದ ಮಾತು ಏನಾರ ಐತೇನಲೇ ಅದ್ರಾಗೆ?"

"ಇಲ್ಲ" ಎಂದೆ.

"ಅವ್ರಿಗೆಂಗೆ ಗೊತ್ತಾಗ್ತೈತೆ. ಮಾಡಿದ್ದು ನಾನಲ್ಲೇನಲೇ."

ಅಲ್ಲಿ ಹೇಳಬೇಕಿತ್ತು ರುದ್ರಾ. ಮೊಳೆ ಹೊಡೆದ ತಪ್ಪಿಗಿಂತ ಆ ಬಸ್ ಸ್ಟ್ಯಾಂಡಿನ ಮೌನವೇ ದೊಡ್ಡ ತಪ್ಪು. ಮಗಳ ಕಾಲಿಗೆ ತಾನೇ ಕಾರಣ ಎಂದು ಒಬ್ಬ ಅಪ್ಪ ತಿಳಿದುಕೊಂಡಿದ್ದಾನೆ, ಅಲ್ಲವೆನ್ನಬಲ್ಲವನು ಇಡೀ ಭೂಮಿಯ ಮೇಲೆ ಒಬ್ಬನೇ — ಅವನು ಕಡಲೆಕಾಯಿ ಕೊಂಡು ಬಸ್ಸು ಹತ್ತಿದ.

ಇನ್ನೊಂದನ್ನೂ ಬರೆಯಲೇಬೇಕು. ಮಿಷನ್ನನ್ನು ಬಂದ ಬೆಲೆಗೆ ಕೊಟ್ಟು ನೀನು ಮತ್ತೆ ನಮ್ಮ ಗರಗಸದ ಆ ತುದಿಗೆ ಬಂದು ಕೂತ ದಿನ ನನಗೆ ಸಂತೋಷವಾಯಿತು. ನಿನ್ನ ಕಣ್ಣು ಒಳಕ್ಕೆ ಹೋಗಿತ್ತು, ಮಾತು ಕಡಿಮೆಯಾಗಿತ್ತು. ಆದರೂ ಗರಗಸ ಎಳೆದಾಗ ಅದೇ ಕೈ, ಅದೇ ಲಯ. ನನಗೆ ನೀನು ಸಿಕ್ಕಿದ್ದೆ. ನಿನ್ನ ಮಗಳ ಕಾಲು ಹೋದ ತಿಂಗಳಲ್ಲಿ ನಾನು ಸಂತೋಷಪಟ್ಟೆ. ಥೂ ಎನ್ನಬೇಕೆನಿಸಿದರೆ ಅನ್ನು.

ಅಂದಿನಿಂದ ಪ್ರತಿ ಅಮಾವಾಸ್ಯೆ ಆ ಹುಣಸೆ ಕಡಿದು ಉಳಿದ ಬುಡಕ್ಕೆ ಹೋಗಿ ದೀಪ ಹಚ್ಚಿ, ತಪ್ಪಾಯಿತು ಎಂದು ನೆಲಕ್ಕೆ ಹಣೆ ಹಚ್ಚುತ್ತೀಯ. ಗಿರಿಜಾ ಹೊಲಿಗೆ ಕಲಿತಳು, ಅಂಗಡಿ ಇಟ್ಟಳು, ನಗುನಗುತ್ತಲೇ ಬೆಳೆದಳು. ನಿನ್ನ ದೀಪ ನಿಲ್ಲಲಿಲ್ಲ. ಎಷ್ಟೋ ಸಲ ನಿನ್ನ ಜೊತೆ ಎಣ್ಣೆ ಬಾಟಲಿ ಹಿಡಿದು ನಾನೂ ಬಂದಿದ್ದೇನೆ. ಗಾಳಿಗೆ ಅಡ್ಡ ಕೈಹಿಡಿದು ನಿಂತಿದ್ದೇನೆ.

ಹೋದ ಅಮಾವಾಸ್ಯೆ ನೀನು ಅಲ್ಲಿಂದ ಏಳಲಾರದೆ ನನ್ನ ಹೆಗಲು ಹಿಡಿದು ಹೇಳಿದೆ: "ಮೊಣಕಾಲು ಆಗಲ್ಲಲೇ ಇನ್ನ. ನಾ ಹೋದ್ಮೇಲೆ ಇಲ್ಲಿ ದೀಪ ಹಚ್ಚಾಕೆ ನೀನೇ ಬರ್ಬೇಕು. ಬ್ಯಾರೆ ಯಾರಿಗೂ ಹೇಳಾಕೆ ಮನಸಿಲ್ಲ."

"ಆತು" ಎಂದೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೆ ಅನ್ನ ಸೇರಿಲ್ಲ. ಮೂರು ಸಲ ನಿನ್ನ ಮನೆಗೆ ಬಂದು, ಚಾ ಕುಡಿದು, ಮಳೆ ಬೆಳೆ ಮಾತಾಡಿ ಎದ್ದುಬಂದೆ. ಅದಕ್ಕೇ ಬರೆಯಲು ಕೂತದ್ದು. ಗಿರಿಜಾಳ ಕೈಗೆ ಕೊಟ್ಟು ಅಪ್ಪನಿಗೆ ಓದಿ ಹೇಳು ಎನ್ನಬೇಕೆಂದಿದ್ದೆ.

ಬೇಡ. ಅವಳ ಬಾಯಿಂದ ಇದನ್ನು ಆಡಿಸುವುದು ಇನ್ನೊಂದು ಮೋಸ. ನಿನಗೆ ಬಂದ ಕಾಗದಗಳನ್ನೆಲ್ಲ ಓದಿದವನು ನಾನೇ. ನಾಡಿದ್ದು ಅಮಾವಾಸ್ಯೆ, ನೀನು ದೀಪದ ಬುಟ್ಟಿ ಎತ್ತಿಕೊಳ್ಳುವ ಮುಂಚೆ ಬರುತ್ತೇನೆ. ಗಿರಿಜಾಳನ್ನೂ ಪಕ್ಕದಲ್ಲಿ ಕೂರಿಸಿಕೋ, ಅವಳೂ ಕೇಳಬೇಕು. ಆಮೇಲೆ ನನ್ನ ಮುಖ ನೋಡುವುದು ಬಿಡುವುದು ನಿನ್ನ ಇಷ್ಟ. ಆದರೆ ಎಂದಿನಂತೆ ಎರಡನೆಯ ಸಲ ಓದಿಸು. ಎರಡು ಸಲವೂ ನಾನೇ ಓದುತ್ತೇನೆ.